ಪಾಂಪೇ

ಪಾಂಪೇ ಇಟಲಿಯ ದಕ್ಷಿಣ ಭಾಗದಲ್ಲಿರುವ ಕಂಪಾನಿಯಾ ಪ್ರಾಂತ್ಯದ ಒಂದು ಪ್ರಾಚೀನ ರೋಮನ್ ನಗರ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟಿಸಿದಾಗ ಈ ನಗರವು 4ರಿಂದ 6 ಮೀಟರ್ ದಪ್ಪದ ಬೂದಿ ಮತ್ತು ಕಲ್ಲುಗಳ ಅಡಿಯಲ್ಲಿ ಹೂತುಹೋಯಿತು. ಸುಮಾರು 1,700 ವರ್ಷಗಳ ಬಳಿಕ, 1748ರಲ್ಲಿ ಇಲ್ಲಿ ಉತ್ಖನನ ಆರಂಭವಾಯಿತು. ಬೀದಿ, ಮನೆ, ಅಂಗಡಿ, ದೇವಾಲಯ, ಸ್ನಾನಗೃಹ, ಭಿತ್ತಿಚಿತ್ರ ಮತ್ತು ಗೋಡೆಬರಹಗಳೊಂದಿಗೆ ಒಂದು ಇಡೀ ಪಟ್ಟಣವೇ ಉಳಿದುಬಂದಿರುವುದರಿಂದ, ರೋಮನ್ನರ ದೈನಂದಿನ ಜೀವನವನ್ನು ತಿಳಿಯಲು ಪಾಂಪೇ ಅತ್ಯಂತ ಮುಖ್ಯವಾದ ಆಕರಗಳಲ್ಲಿ ಒಂದಾಗಿದೆ.

ಕೋಟೆಗೋಡೆಯ ಒಳಗಿನ ಸುಮಾರು 66 ಹೆಕ್ಟೇರ್ ಪ್ರದೇಶದಲ್ಲಿ ಮೂರನೆಯ ಎರಡು ಭಾಗದಷ್ಟನ್ನು ಈವರೆಗೆ ಅಗೆದು ತೆಗೆಯಲಾಗಿದೆ. ಉಳಿದ ಮೂರನೆಯ ಒಂದು ಭಾಗವು ಇಂದಿಗೂ ಮಣ್ಣಿನಡಿಯಲ್ಲಿದೆ. ಬೂದಿಯ ಪದರವು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಗೋಡೆ, ಬಣ್ಣ ಮತ್ತು ಮರದ ಕುರುಹುಗಳು ಬಯಲಿಗೆ ಬಂದೊಡನೆ ಮಳೆ, ಬಿಸಿಲು, ಗಿಡಗಂಟಿಗಳಿಗೆ ಈಡಾಗಿ ಶಿಥಿಲವಾಗತೊಡಗುತ್ತವೆ. ಆದುದರಿಂದ ಹೊಸದಾಗಿ ಅಗೆಯುವುದಕ್ಕಿಂತ ಈಗಾಗಲೇ ಅಗೆದಿರುವುದನ್ನು ಉಳಿಸಿಕೊಳ್ಳುವುದೇ ಈ ನೆಲೆಯ ಮುಖ್ಯ ಸವಾಲಾಗಿ ಪರಿಣಮಿಸಿದೆ. ಪಾಂಪೇ, ಹರ್ಕ್ಯುಲೇನಿಯಮ್ ಮತ್ತು ತೊರ್ರೆ ಅನ್ನುನ್ಸಿಯಾತಾಗಳ ಪುರಾತತ್ತ್ವ ಪ್ರದೇಶಗಳನ್ನು ಯುನೆಸ್ಕೋ 1997ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಭೌಗೋಳಿಕ ನೆಲೆ

ಪಾಂಪೇ ನೇಪಲ್ಸ್ ನಗರದಿಂದ ಸುಮಾರು 25 ಕಿ.ಮೀ. ಆಗ್ನೇಯಕ್ಕಿದೆ. ವೆಸೂವಿಯಸ್‌ನ ಶಿಖರವು ಇಲ್ಲಿಂದ ವಾಯವ್ಯ ದಿಕ್ಕಿಗೆ ಸುಮಾರು 10 ಕಿ.ಮೀ. ದೂರದಲ್ಲಿದೆ. ಇತಿಹಾಸಪೂರ್ವ ಕಾಲದ ಸ್ಫೋಟವೊಂದರಲ್ಲಿ ಹರಿದು ಗಟ್ಟಿಯಾದ ಲಾವಾ ದಿಬ್ಬದ ಮೇಲೆ, ಸಾರ್ನೋ ನದಿಯ ಮುಖದ ಸಮೀಪದಲ್ಲಿ ನಗರವನ್ನು ಕಟ್ಟಲಾಗಿತ್ತು. ಅಂದರೆ ನಗರಕ್ಕೆ ನೆಲೆಯನ್ನು ಒದಗಿಸಿದ್ದೂ ಜ್ವಾಲಾಮುಖಿಯೇ. ಸುತ್ತಲಿನ ಬೂದಿ ಮಣ್ಣು ಬಹಳ ಫಲವತ್ತಾಗಿದ್ದು, ದ್ರಾಕ್ಷಿ, ಆಲಿವ್ ಮತ್ತು ಧಾನ್ಯಗಳ ಬೆಳೆಗೆ ಹೆಸರಾಗಿತ್ತು. ನೋಲಾ, ನುಸೇರಿಯಾ ಮತ್ತು ಅಸೇರೇ ಎಂಬ ಒಳನಾಡಿನ ಪಟ್ಟಣಗಳಿಗೆ ಪಾಂಪೇ ಬಂದರಾಗಿತ್ತೆಂದು ಭೂಗೋಳಕಾರ ಸ್ಟ್ರಾಬೋ ದಾಖಲಿಸಿದ್ದಾನೆ. ಸ್ಫೋಟದ ನಂತರ ಕರಾವಳಿಯು ಹೊರಕ್ಕೆ ಸರಿದಿರುವುದರಿಂದ ಇಂದು ಸಮುದ್ರವು ನಗರದಿಂದ ಹಿಂದಿಗಿಂತ ದೂರದಲ್ಲಿದೆ.

ಇತಿಹಾಸ

ಆರಂಭ ಕಾಲ

ಕ್ರಿ.ಪೂ. 7-6ನೆಯ ಶತಮಾನಗಳಲ್ಲಿ ಆಸ್ಕನ್ ಭಾಷೆಯನ್ನಾಡುವ ಜನರು ಇಲ್ಲಿ ನೆಲೆಸಿದರು. ಗ್ರೀಕರ ಮತ್ತು ಎಟ್ರುಸ್ಕನ್ನರ ಪ್ರಭಾವವೂ ಆರಂಭದಿಂದಲೇ ಕಂಡುಬರುತ್ತದೆ. ಅಪೊಲೋ ದೇವಾಲಯ ಮತ್ತು 'ತ್ರಿಕೋನ ಫೋರಂ' ಎಂದು ಕರೆಯಲಾಗುವ ಚೌಕದಲ್ಲಿನ ಗ್ರೀಕ್ ಶೈಲಿಯ ದೇವಾಲಯ ಆ ಕಾಲದ ಕುರುಹುಗಳು. ಕ್ರಿ.ಪೂ. 5ನೆಯ ಶತಮಾನದ ಕೊನೆಯ ವೇಳೆಗೆ ಒಳನಾಡಿನ ಬೆಟ್ಟಗಳಿಂದ ಬಂದ ಸ್ಯಾಮ್ನೈಟರು ನಗರವನ್ನು ವಶಪಡಿಸಿಕೊಂಡರು. ಮುಂದೆ ಪಾಂಪೇ ರೋಮಿನ ಮಿತ್ರನಗರವಾಯಿತು.

ರೋಮನ್ ಆಡಳಿತ

ರೋಮಿನ ಪೌರತ್ವಕ್ಕಾಗಿ ಇಟಲಿಯ ಮಿತ್ರರಾಜ್ಯಗಳು ಕ್ರಿ.ಪೂ. 91ರಲ್ಲಿ ಬಂಡೆದ್ದಾಗ ಪಾಂಪೇ ಬಂಡಾಯಗಾರರ ಪಕ್ಷವನ್ನು ವಹಿಸಿತು. ಕ್ರಿ.ಪೂ. 89ರಲ್ಲಿ ರೋಮನ್ ಸೇನಾನಿ ಸುಲ್ಲಾ ನಗರಕ್ಕೆ ಮುತ್ತಿಗೆ ಹಾಕಿದನು. ಆಗ ಸಿಡಿದ ಕವಣೆಕಲ್ಲುಗಳ ಗುರುತುಗಳನ್ನು ಉತ್ತರ ದಿಕ್ಕಿನ ಕೋಟೆಗೋಡೆಯ ಮೇಲೆ ಇಂದಿಗೂ ಕಾಣಬಹುದು. ಕ್ರಿ.ಪೂ. 80ರಲ್ಲಿ ಸುಲ್ಲಾನ ನಿವೃತ್ತ ಸೈನಿಕರಿಗೆ ಇಲ್ಲಿ ಭೂಮಿಯನ್ನು ನೀಡಿ, ನಗರವನ್ನು 'ಕೊಲೋನಿಯಾ ಕಾರ್ನೇಲಿಯಾ ವೆನೇರಿಯಾ ಪೊಂಪೆಯಾನೋರಮ್' ಎಂಬ ಹೆಸರಿನ ರೋಮನ್ ವಸಾಹತನ್ನಾಗಿ ಮಾಡಲಾಯಿತು. ಅನಂತರ ಆಡಳಿತದ ಭಾಷೆಯಾಗಿ ಆಸ್ಕನ್‌ನ ಸ್ಥಾನಕ್ಕೆ ಲ್ಯಾಟಿನ್ ಬಂದಿತು.

ಕ್ರಿ.ಶ. 59ರಲ್ಲಿ ಇಲ್ಲಿನ ಕ್ರೀಡಾಂಗಣದಲ್ಲಿ ನಡೆದ ಗ್ಲ್ಯಾಡಿಯೇಟರ್ ಕಾಳಗದ ವೇಳೆ ಪಾಂಪೇ ಮತ್ತು ನೆರೆಯ ನುಸೇರಿಯಾದ ಜನರ ನಡುವೆ ಹೊಡೆದಾಟವಾಗಿ ಹಲವರು ಸತ್ತರು. ಇದರ ವಿಚಾರಣೆಯಾದ ಬಳಿಕ ಪಾಂಪೇಯಲ್ಲಿ ಇಂತಹ ಕಾಳಗಗಳನ್ನು ಹತ್ತು ವರ್ಷಗಳ ಕಾಲ ನಿಷೇಧಿಸಲಾಯಿತೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಈ ಗಲಭೆಯನ್ನು ಚಿತ್ರಿಸುವ ಭಿತ್ತಿಚಿತ್ರವೊಂದು ಪಾಂಪೇಯ ಮನೆಯೊಂದರಲ್ಲಿಯೇ ದೊರೆತಿದ್ದು, ಈಗ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ.

ಭೂಕಂಪ

ಕ್ರಿ.ಶ. 62ರ ಸುಮಾರಿಗೆ ಸಂಭವಿಸಿದ ಪ್ರಬಲ ಭೂಕಂಪವು ನಗರಕ್ಕೆ ಭಾರೀ ಹಾನಿಯನ್ನುಂಟುಮಾಡಿತು. ಬ್ಯಾಂಕರ್ ಲೂಸಿಯಸ್ ಕೆಸಿಲಿಯಸ್ ಯುಕುಂಡಸ್‌ನ ಮನೆಯಲ್ಲಿ ದೊರೆತ ಉಬ್ಬುಶಿಲ್ಪವೊಂದರಲ್ಲಿ ವಾಲುತ್ತಿರುವ ದೇವಾಲಯ ಮತ್ತು ಕಮಾನುಗಳನ್ನು ಕಡೆಯಲಾಗಿದೆ. ಹದಿನೇಳು ವರ್ಷಗಳ ಬಳಿಕ ಜ್ವಾಲಾಮುಖಿ ಸ್ಫೋಟಿಸಿದಾಗಲೂ ಅನೇಕ ಸಾರ್ವಜನಿಕ ಕಟ್ಟಡಗಳ ದುರಸ್ತಿ ಮುಗಿದಿರಲಿಲ್ಲ. ಆದ್ದರಿಂದ ಪಾಂಪೇಯ ಅವಶೇಷಗಳಲ್ಲಿ ಕಾಣುವ ಪ್ರತಿಯೊಂದು ಬಿರುಕು ಅಥವಾ ಬರಿದಾದ ಗೋಡೆಯೂ ಸ್ಫೋಟದ ಪರಿಣಾಮವಲ್ಲ. ಕೆಲವು ಕಟ್ಟಡಗಳು ಆಗಲೇ ಅರ್ಧ ಕಟ್ಟಿದ ಸ್ಥಿತಿಯಲ್ಲಿದ್ದವು.

ಕ್ರಿ.ಶ. 79ರ ಸ್ಫೋಟ

ಘಟನಾಕ್ರಮ

ಸ್ಫೋಟವು ಮಧ್ಯಾಹ್ನದ ವೇಳೆಗೆ ಆರಂಭವಾಯಿತು. ಬೂದಿ ಮತ್ತು ಅನಿಲದ ಕಂಬವು ಸುಮಾರು 30 ಕಿ.ಮೀ. ಎತ್ತರಕ್ಕೆ ಚಿಮ್ಮಿತು. ಗಾಳಿಯು ಆಗ್ನೇಯಾಭಿಮುಖವಾಗಿ ಬೀಸುತ್ತಿದ್ದುದರಿಂದ ಪಾಂಪೇಯ ಮೇಲೆ ಗಂಟೆಗಟ್ಟಲೆ ಪ್ಯೂಮಿಸ್ ಎಂಬ ರಂಧ್ರಮಯವಾದ ಹಗುರ ಕಲ್ಲುಗಳ ಮಳೆ ಸುರಿಯಿತು. ಅವುಗಳ ಭಾರಕ್ಕೆ ಚಾವಣಿಗಳು ಕುಸಿದು ಮನೆಯೊಳಗೆ ಆಶ್ರಯ ಪಡೆದಿದ್ದ ಹಲವರು ಸತ್ತರು. ಆದರೂ ಈ ಹಂತದಲ್ಲಿ ನಗರವನ್ನು ಬಿಟ್ಟು ಹೊರಡಲು ಸಮಯವಿತ್ತು. ಬಹುಪಾಲು ನಿವಾಸಿಗಳು ಹೊರಟಿರಬಹುದು. ಮರುದಿನ ಬೆಳಗ್ಗೆ ಕಾದ ಬೂದಿ ಮತ್ತು ಅನಿಲಗಳ ಪ್ರವಾಹವು ಬೆಟ್ಟದ ಇಳಿಜಾರಿನಲ್ಲಿ ಅತಿ ವೇಗವಾಗಿ ಹರಿದುಬಂದು ನಗರವನ್ನು ಆವರಿಸಿತು. ಅಲ್ಲಿ ಉಳಿದಿದ್ದವರಲ್ಲಿ ಯಾರೂ ಬದುಕುಳಿಯುವ ಸಾಧ್ಯತೆ ಇರಲಿಲ್ಲ. ಪಾಂಪೇಯನ್ನು ಲಾವಾರಸವು ಮುಳುಗಿಸಿತೆಂಬ ಜನಪ್ರಿಯ ಕಲ್ಪನೆ ಸರಿಯಲ್ಲ. ನಗರವನ್ನು ಮುಚ್ಚಿದ್ದು ಪ್ಯೂಮಿಸ್ ಕಲ್ಲು ಮತ್ತು ಬೂದಿ.

ಪ್ಲಿನಿಯ ಪತ್ರಗಳು

ಈ ಸ್ಫೋಟಕ್ಕೆ ಉಳಿದಿರುವ ಏಕೈಕ ಪ್ರತ್ಯಕ್ಷದರ್ಶಿ ವಿವರಣೆ ಕಿರಿಯ ಪ್ಲಿನಿಯದು. ಆಗ 17 ವರ್ಷದವನಾಗಿದ್ದ ಆತ ಕೊಲ್ಲಿಯ ಇನ್ನೊಂದು ತುದಿಯ ಮಿಸೇನಮ್‌ನಲ್ಲಿದ್ದನು. ಅವನ ಸೋದರಮಾವನಾದ ಹಿರಿಯ ಪ್ಲಿನಿ ಅಲ್ಲಿನ ನೌಕಾಪಡೆಯ ದಂಡನಾಯಕ ಹಾಗೂ ಪ್ರಸಿದ್ಧ ವಿದ್ವಾಂಸ. ಆತ ಜನರನ್ನು ರಕ್ಷಿಸಲು ಹಡಗುಗಳೊಂದಿಗೆ ತೆರಳಿ, ಸ್ಟೇಬಿಯೆ ಎಂಬಲ್ಲಿ ಮೃತಪಟ್ಟನು. ಹಲವು ವರ್ಷಗಳ ನಂತರ ಟ್ಯಾಸಿಟಸ್‌ನ ಕೋರಿಕೆಯಂತೆ ಕಿರಿಯ ಪ್ಲಿನಿ ಈ ಘಟನೆಗಳನ್ನು ಎರಡು ಪತ್ರಗಳಲ್ಲಿ ವಿವರಿಸಿದನು. ಇಂತಹ ಸ್ಫೋಟಗಳನ್ನು ಜ್ವಾಲಾಮುಖಿ ವಿಜ್ಞಾನದಲ್ಲಿ ಇಂದಿಗೂ 'ಪ್ಲಿನಿಯನ್ ಸ್ಫೋಟ' ಎಂದೇ ಕರೆಯುತ್ತಾರೆ. ಆದರೆ ಈ ಎರಡು ಪತ್ರಗಳಲ್ಲಿ ಪಾಂಪೇಯ ಹೆಸರು ಎಲ್ಲಿಯೂ ಬರುವುದಿಲ್ಲ. ನಗರದೊಳಗೆ ನಡೆದದ್ದನ್ನು ಉತ್ಖನನದಿಂದ ಮಾತ್ರವೇ ತಿಳಿಯಬೇಕಾಗಿದೆ.

ದಿನಾಂಕದ ಚರ್ಚೆ

ಪ್ಲಿನಿಯ ಪತ್ರದ ಹಸ್ತಪ್ರತಿಗಳ ಆಧಾರದಿಂದ ಸ್ಫೋಟದ ದಿನಾಂಕವನ್ನು ಸಾಂಪ್ರದಾಯಿಕವಾಗಿ ಆಗಸ್ಟ್ 24 ಎಂದು ಹೇಳಲಾಗುತ್ತಿತ್ತು. ಆದರೆ ಶರತ್ಕಾಲದ ಹಣ್ಣುಗಳ ಅವಶೇಷ, ಚಳಿ ಕಾಯಿಸುವ ಅಗ್ಗಿಷ್ಟಿಕೆಗಳು ಮುಂತಾದವು ದೊರೆತದ್ದರಿಂದ ಈ ಬಗ್ಗೆ ಸಂದೇಹವಿತ್ತು. 2018ರಲ್ಲಿ ಮನೆಯೊಂದರ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ, ಅಕ್ಟೋಬರ್ 17ಕ್ಕೆ ಸಮನಾದ ರೋಮನ್ ದಿನಾಂಕವೊಂದು ಪತ್ತೆಯಾಯಿತು. ಇದ್ದಿಲಿನ ಬರಹ ಹೆಚ್ಚು ಕಾಲ ಉಳಿಯುವಂಥದ್ದಲ್ಲವಾದ್ದರಿಂದ ಅದು ಕ್ರಿ.ಶ. 79ರದ್ದೇ ಇರಬೇಕು, ಸ್ಫೋಟವು ಅಕ್ಟೋಬರ್ 24ರ ಸುಮಾರಿಗೆ ಆಗಿರಬೇಕು ಎಂದು ಹಲವು ವಿದ್ವಾಂಸರು ವಾದಿಸುತ್ತಾರೆ. ಬರಹದಲ್ಲಿ ವರ್ಷದ ಉಲ್ಲೇಖವಿಲ್ಲದ ಕಾರಣ ಚರ್ಚೆ ಮುಂದುವರಿದಿದೆ.

ಸಾವುನೋವು

ಸ್ಫೋಟದ ಕಾಲದಲ್ಲಿ ನಗರದ ಜನಸಂಖ್ಯೆ 10,000ದಿಂದ 20,000ದ ನಡುವೆ ಇತ್ತೆಂದು ವಿವಿಧ ಅಂದಾಜುಗಳಿವೆ. ಈವರೆಗೆ 1,100ಕ್ಕೂ ಹೆಚ್ಚು ಮಂದಿಯ ಅವಶೇಷಗಳು ಪತ್ತೆಯಾಗಿವೆ. ಚಕ್ರವರ್ತಿ ಟೈಟಸ್ ಸಂತ್ರಸ್ತ ಪ್ರದೇಶದ ಪುನರ್ವಸತಿಗಾಗಿ ಅಧಿಕಾರಿಗಳನ್ನು ನೇಮಿಸಿದನಾದರೂ ಪಾಂಪೇಯನ್ನು ಮತ್ತೆ ಕಟ್ಟಲಿಲ್ಲ. ಕೆಲವರು ಸುರಂಗ ಕೊರೆದು ಬೆಲೆಬಾಳುವ ವಸ್ತುಗಳನ್ನೂ ಅಮೃತಶಿಲೆಯನ್ನೂ ಹೊರತೆಗೆದ ಗುರುತುಗಳಿವೆ. ಕ್ರಮೇಣ ನಗರದ ಹೆಸರು ಮರೆಯಾಗಿ, ಆ ದಿಬ್ಬವನ್ನು ಸ್ಥಳೀಯರು 'ನಗರ' ಎಂಬ ಅರ್ಥದ 'ಚಿವಿತಾ' ಎಂದು ಕರೆಯತೊಡಗಿದರು.

ಮರುಶೋಧನೆ ಮತ್ತು ಉತ್ಖನನ

1592 ಮತ್ತು 1600ರ ನಡುವೆ ವಾಸ್ತುಶಿಲ್ಪಿ ದೊಮೆನಿಕೊ ಫಾಂತಾನಾ ನೀರಿನ ಕಾಲುವೆಯೊಂದನ್ನು ಇದೇ ದಿಬ್ಬದ ಮೂಲಕ ತೋಡಿಸಿದನು. ಶಾಸನಗಳೂ ಗೋಡೆಗಳೂ ಕಂಡರೂ ಅದು ಪಾಂಪೇ ಎಂದು ಗುರುತಿಸಲಾಗಲಿಲ್ಲ. ನೇಪಲ್ಸಿನ ಬೂರ್ಬನ್ ದೊರೆ ಚಾರ್ಲ್ಸನ ಆಶ್ರಯದಲ್ಲಿ 1738ರಲ್ಲಿ ಹರ್ಕ್ಯುಲೇನಿಯಮ್‌ನಲ್ಲಿಯೂ 1748ರಲ್ಲಿ ಪಾಂಪೇಯಲ್ಲಿಯೂ ಅಗೆತ ಪ್ರಾರಂಭವಾಯಿತು. ಸೇನಾ ಎಂಜಿನಿಯರ್ ರೋಕೆ ಹೋವಾಕಿನ್ ದೆ ಅಲ್ಕುಬಿಯೆರ್ರೆ ಇದರ ಮೇಲ್ವಿಚಾರಕನಾಗಿದ್ದನು. ತಾವು ಅಗೆಯುತ್ತಿರುವುದು ಸ್ಟೇಬಿಯೆ ಎಂದೇ ಮೊದಲಿಗೆ ಭಾವಿಸಲಾಗಿತ್ತು. 1763ರಲ್ಲಿ ನಗರದ ಹೆಸರನ್ನು ಹೊತ್ತ ಶಾಸನವೊಂದು ದೊರೆತ ಬಳಿಕ ಅದು ಪಾಂಪೇ ಎಂಬುದು ಖಚಿತವಾಯಿತು.

ಆ ಕಾಲದ ಉತ್ಖನನದ ಗುರಿ ಅರಮನೆಯ ಸಂಗ್ರಹಕ್ಕೆ ಕಲಾವಸ್ತುಗಳನ್ನು ಒದಗಿಸುವುದಾಗಿತ್ತು. ಭಿತ್ತಿಚಿತ್ರಗಳ ಆಕರ್ಷಕ ಭಾಗಗಳನ್ನು ಗೋಡೆಯಿಂದ ಕತ್ತರಿಸಿ ಒಯ್ಯಲಾಗುತ್ತಿತ್ತು. ಎಷ್ಟೋ ಕಡೆ ಅಗೆದ ಜಾಗವನ್ನು ಮತ್ತೆ ಮಣ್ಣಿನಿಂದ ಮುಚ್ಚಲಾಗುತ್ತಿತ್ತು. ಯಾವ ವಸ್ತು ಎಲ್ಲಿ, ಯಾವ ಸ್ಥಿತಿಯಲ್ಲಿ ದೊರೆಯಿತೆಂಬ ದಾಖಲೆ ಅಪೂರ್ಣವಾಗಿರುವುದರಿಂದ ಮೊದಲ ನೂರು ವರ್ಷಗಳಲ್ಲಿ ಅಗೆದ ಮನೆಗಳ ಕುರಿತ ಮಾಹಿತಿ ಬಹುಮಟ್ಟಿಗೆ ಶಾಶ್ವತವಾಗಿ ನಷ್ಟವಾಗಿದೆ.

1863ರಲ್ಲಿ ನಿರ್ದೇಶಕನಾದ ಜುಸೆಪ್ಪೆ ಫಿಯೊರೆಲ್ಲಿ ಶಾಸ್ತ್ರೀಯ ಕ್ರಮವನ್ನು ಜಾರಿಗೆ ತಂದನು. ಬೀದಿಯ ಕಡೆಯಿಂದ ಅಡ್ಡಲಾಗಿ ಕೊರೆಯುವ ಬದಲು ಮೇಲಿನಿಂದ ಪದರ ಪದರವಾಗಿ ಅಗೆಯುವ ಪದ್ಧತಿ ರೂಢಿಗೆ ಬಂದಿತು. ನಗರವನ್ನು 9 ವಲಯಗಳಾಗಿಯೂ, ವಲಯಗಳನ್ನು ಮನೆಸಾಲುಗಳಾಗಿಯೂ ವಿಂಗಡಿಸಿ ಪ್ರತಿಯೊಂದು ಬಾಗಿಲಿಗೂ ಸಂಖ್ಯೆ ನೀಡಲಾಯಿತು. ಈ ವಿಳಾಸ ವ್ಯವಸ್ಥೆ ಇಂದಿಗೂ ಬಳಕೆಯಲ್ಲಿದೆ. 1882ರಲ್ಲಿ ಜರ್ಮನಿಯ ವಿದ್ವಾಂಸ ಔಗುಸ್ಟ್ ಮೌ ಭಿತ್ತಿಚಿತ್ರಗಳನ್ನು ನಾಲ್ಕು ಶೈಲಿಗಳಾಗಿ ವರ್ಗೀಕರಿಸಿದನು. 1924ರಿಂದ 1961ರವರೆಗೆ ನಿರ್ದೇಶಕನಾಗಿದ್ದ ಅಮೆಡಿಯೊ ಮೈಯೂರಿಯ ಅವಧಿಯಲ್ಲಿ ಬಹುದೊಡ್ಡ ಪ್ರಮಾಣದ ಉತ್ಖನನ ನಡೆಯಿತು.

ಮೃತರ ಅಚ್ಚುಗಳು

ಗಟ್ಟಿಯಾದ ಬೂದಿಯೊಳಗೆ ಸಿಲುಕಿದ ದೇಹಗಳು ಕೊಳೆತುಹೋದಾಗ ಅವುಗಳ ಆಕಾರದ ಟೊಳ್ಳುಗಳು ಮಾತ್ರ ಉಳಿದವು. 1863ರಲ್ಲಿ ಫಿಯೊರೆಲ್ಲಿ ಇಂತಹ ಟೊಳ್ಳುಗಳಿಗೆ ಸುಣ್ಣಗಾರೆಯಂತಹ ಪ್ಲಾಸ್ಟರನ್ನು ಸುರಿಸಿ, ಅದು ಗಟ್ಟಿಯಾದ ಮೇಲೆ ಸುತ್ತಲಿನ ಬೂದಿಯನ್ನು ತೆಗೆಸಿದನು. ಮುಖಭಾವ, ಬಟ್ಟೆಯ ಮಡಿಕೆ, ಪಾದರಕ್ಷೆಗಳ ಗುರುತುಗಳೂ ಅದರಲ್ಲಿ ಮೂಡಿಬಂದವು. ಹೀಗೆ 100ಕ್ಕೂ ಹೆಚ್ಚು ಅಚ್ಚುಗಳನ್ನು ತಯಾರಿಸಲಾಗಿದೆ. 'ಪಲಾಯನ ಮಾಡಿದವರ ತೋಟ' ಎಂಬಲ್ಲಿ ಮಕ್ಕಳೂ ಸೇರಿದಂತೆ 13 ಮಂದಿಯ ಅಚ್ಚುಗಳನ್ನು ಅವು ದೊರೆತ ಸ್ಥಳದಲ್ಲಿಯೇ ಇರಿಸಲಾಗಿದೆ. ಈ ಅಚ್ಚುಗಳು ಶಿಲ್ಪಗಳಲ್ಲ. ಅವುಗಳೊಳಗೆ ಮೃತರ ಮೂಳೆಗಳಿವೆ.

ಅಚ್ಚುಗಳ ಭಂಗಿಯನ್ನು ನೋಡಿ ಹಿಂದಿನ ಪುರಾತತ್ತ್ವಜ್ಞರು ಅನೇಕ ಕಥೆಗಳನ್ನು ಹೆಣೆದಿದ್ದರು. ಚಿನ್ನದ ಬಳೆ ತೊಟ್ಟು ಮಗುವನ್ನು ಎತ್ತಿಕೊಂಡಿದ್ದ ವ್ಯಕ್ತಿಯನ್ನು ತಾಯಿಯೆಂದೂ, ತಬ್ಬಿಕೊಂಡ ಸ್ಥಿತಿಯಲ್ಲಿದ್ದ ಇಬ್ಬರನ್ನು ಅಕ್ಕತಂಗಿಯರು ಅಥವಾ ತಾಯಿ-ಮಗಳೆಂದೂ ಹೇಳಲಾಗುತ್ತಿತ್ತು. 2024ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವು ಬಳೆ ತೊಟ್ಟವನು ಆ ಮಗುವಿಗೆ ರಕ್ತಸಂಬಂಧವಿಲ್ಲದ ಗಂಡಸು ಎಂದೂ, ತಬ್ಬಿಕೊಂಡವರಲ್ಲಿ ಒಬ್ಬನಾದರೂ ಗಂಡಸು ಎಂದೂ ತೋರಿಸಿತು. ಬಳೆ ಕಂಡಲ್ಲೆಲ್ಲ ಹೆಣ್ಣನ್ನೂ, ಅಪ್ಪುಗೆ ಕಂಡಲ್ಲೆಲ್ಲ ಕುಟುಂಬವನ್ನೂ ಕಾಣುವ ಆಧುನಿಕರ ಪೂರ್ವಕಲ್ಪನೆಯನ್ನು ಈ ಫಲಿತಾಂಶ ಪ್ರಶ್ನಿಸಿದೆ.

ನಗರ ರಚನೆ ಮತ್ತು ಮುಖ್ಯ ಅವಶೇಷಗಳು

ಬೀದಿಗಳು ಮತ್ತು ನೀರಿನ ವ್ಯವಸ್ಥೆ

ನಗರವನ್ನು ಸುಮಾರು 3.2 ಕಿ.ಮೀ. ಉದ್ದದ ಕೋಟೆಗೋಡೆ ಸುತ್ತುವರಿದಿದೆ. ಬೀದಿಗಳಿಗೆ ಜ್ವಾಲಾಮುಖಿ ಶಿಲೆಯ ದಪ್ಪ ಚಪ್ಪಡಿಗಳನ್ನು ಹಾಸಲಾಗಿದ್ದು, ಬಂಡಿಗಳ ಗಾಲಿಗಳು ಸವೆಸಿದ ಆಳವಾದ ಗೀರುಗಳು ಅವುಗಳ ಮೇಲೆ ಸ್ಪಷ್ಟವಾಗಿವೆ. ಮಳೆಯ ನೀರೂ ಕೊಳಚೆಯೂ ಬೀದಿಯಲ್ಲೇ ಹರಿಯುತ್ತಿದ್ದುದರಿಂದ, ಪಾದಚಾರಿಗಳು ಕಾಲು ನೆನೆಯದೆ ದಾಟಲು ಅಲ್ಲಲ್ಲಿ ಎತ್ತರದ ಕಲ್ಲುಗಳನ್ನು ನಿಲ್ಲಿಸಲಾಗಿದೆ. ಬಂಡಿಯ ಗಾಲಿಗಳು ಹಾದುಹೋಗುವಂತೆ ಅವುಗಳ ನಡುವೆ ಅಂತರ ಬಿಡಲಾಗಿದೆ.

ಮೇಲ್ಗಾಲುವೆಯ ಮೂಲಕ ಬಂದ ನೀರು ನಗರದ ಅತ್ಯಂತ ಎತ್ತರದ ಸ್ಥಳವಾದ ವೆಸೂವಿಯಸ್ ದ್ವಾರದ ಬಳಿಯ ವಿತರಣಾ ಕಟ್ಟಡವನ್ನು ಸೇರಿ, ಅಲ್ಲಿಂದ ಸೀಸದ ಕೊಳವೆಗಳಲ್ಲಿ ಸ್ನಾನಗೃಹಗಳಿಗೆ, ಶ್ರೀಮಂತರ ಮನೆಗಳಿಗೆ ಮತ್ತು ಬೀದಿ ಬದಿಯ ಸುಮಾರು 40 ಕಾರಂಜಿ ತೊಟ್ಟಿಗಳಿಗೆ ಹರಿಯುತ್ತಿತ್ತು. ನೀರು ಹಿಡಿಯಲು ಬಾಗಿದವರ ಕೈ ಊರಿ ಊರಿ ಕೆಲವು ತೊಟ್ಟಿಗಳ ಅಂಚು ನಯವಾಗಿ ಸವೆದಿದೆ.

ಫೋರಂ ಮತ್ತು ದೇವಾಲಯಗಳು

ಫೋರಂ ನಗರದ ರಾಜಕೀಯ, ಧಾರ್ಮಿಕ ಮತ್ತು ವ್ಯಾಪಾರ ಕೇಂದ್ರವಾಗಿದ್ದ ಆಯತಾಕಾರದ ಚೌಕ. ಅದರ ಉತ್ತರ ತುದಿಯಲ್ಲಿ ಜ್ಯೂಪಿಟರ್ ದೇವಾಲಯವೂ ಅದರ ಹಿಂದೆ ವೆಸೂವಿಯಸ್ ಪರ್ವತವೂ ಕಾಣುತ್ತವೆ. ನ್ಯಾಯಾಲಯವಾಗಿದ್ದ ಬಸಿಲಿಕಾ, ಮಾಕೆಲ್ಲಮ್ ಎಂಬ ಆಹಾರ ಮಾರುಕಟ್ಟೆ ಮತ್ತು ಅರ್ಚಕಿ ಯುಮಾಕಿಯಾ ಕಟ್ಟಿಸಿದ ವಿಶಾಲ ಕಟ್ಟಡ ಇದರ ಸುತ್ತಲಿವೆ. ಯುಮಾಕಿಯಾಳ ಪ್ರತಿಮೆಯನ್ನು ಬಟ್ಟೆ ಒಗೆದು ಹದಗೊಳಿಸುವ ಕಸುಬಿನವರು ನಿಲ್ಲಿಸಿದ್ದರು.

ಈಜಿಪ್ಟ್ ಮೂಲದ ದೇವತೆ ಐಸಿಸ್‌ಳ ದೇವಾಲಯದ ಶಾಸನವು ಆ ಕಾಲದ ಸಮಾಜದ ಬಗ್ಗೆ ವಿಶೇಷ ಮಾಹಿತಿ ನೀಡುತ್ತದೆ. ಭೂಕಂಪದಲ್ಲಿ ಕುಸಿದ ದೇವಾಲಯವನ್ನು ನುಮೇರಿಯಸ್ ಪೊಪಿಡಿಯಸ್ ಸೆಲ್ಸಿನಸ್ ಎಂಬ ಆರು ವರ್ಷದ ಬಾಲಕನು ತನ್ನ ಹಣದಿಂದ ಮರುನಿರ್ಮಿಸಿದನೆಂದೂ, ಅದಕ್ಕಾಗಿ ನಗರಸಭೆಯು ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತೆಂದೂ ಅದು ಹೇಳುತ್ತದೆ. ಬಾಲಕನ ತಂದೆ ದಾಸ್ಯದಿಂದ ಬಿಡುಗಡೆ ಹೊಂದಿದವನು. ಅಂಥವರು ನಗರಸಭೆಯ ಸದಸ್ಯರಾಗುವಂತಿರಲಿಲ್ಲ. ತನಗೆ ದೊರೆಯದ ಸ್ಥಾನವನ್ನು ಆತ ಮಗನ ಹೆಸರಿನಲ್ಲಿ ಸಂಪಾದಿಸಿದನು.

ಮನರಂಜನಾ ಕಟ್ಟಡಗಳು

ಕ್ರಿ.ಪೂ. 70ರ ಸುಮಾರಿಗೆ ನಿರ್ಮಾಣವಾದ ಪಾಂಪೇಯ ಆಂಫಿಥಿಯೇಟರ್, ಉಳಿದಿರುವ ರೋಮನ್ ಶಿಲಾ ಕ್ರೀಡಾಂಗಣಗಳಲ್ಲಿ ಅತ್ಯಂತ ಹಳೆಯದು. ರೋಮಿನ ಕೊಲೋಸಿಯಂ ಇದಕ್ಕಿಂತ ಸುಮಾರು ಒಂದೂವರೆ ಶತಮಾನ ಈಚಿನದು. ಇದರಲ್ಲಿ ಸುಮಾರು 20,000 ಪ್ರೇಕ್ಷಕರು ಕುಳಿತುಕೊಳ್ಳಬಹುದಾಗಿತ್ತು. ಇದಲ್ಲದೆ ದೊಡ್ಡ ರಂಗಮಂದಿರ, ಚಾವಣಿಯಿದ್ದ ಚಿಕ್ಕ ರಂಗಮಂದಿರ ಹಾಗೂ ಹಲವು ಸಾರ್ವಜನಿಕ ಸ್ನಾನಗೃಹಗಳಿವೆ. ಸ್ಟೇಬಿಯನ್ ಸ್ನಾನಗೃಹವು ಇವುಗಳಲ್ಲಿ ಅತ್ಯಂತ ಹಳೆಯದು. ಗಂಡಸರಿಗೂ ಹೆಂಗಸರಿಗೂ ಅಲ್ಲಿ ಪ್ರತ್ಯೇಕ ವಿಭಾಗಗಳಿದ್ದವು.

ಮನೆಗಳು

ಸ್ಥಿತಿವಂತರ ಮನೆಯ ಮುಂಭಾಗದ ಮಧ್ಯದಲ್ಲಿ 'ಏಟ್ರಿಯಂ' ಎಂಬ ಹಜಾರವಿರುತ್ತಿತ್ತು. ಅದರ ಚಾವಣಿಯ ನಡುವೆ ತೆರಪಿದ್ದು, ಮಳೆನೀರು ಕೆಳಗಿನ ಕೊಳಕ್ಕೆ ಬೀಳುತ್ತಿತ್ತು. ಈ ರಚನೆಯು ದಕ್ಷಿಣ ಭಾರತದ ತೊಟ್ಟಿಮನೆಗಳನ್ನು ಹೋಲುತ್ತದೆ. ಅದರ ಹಿಂದೆ ಕಂಬಸಾಲುಗಳಿಂದ ಸುತ್ತುವರಿದ ತೋಟವಿರುತ್ತಿತ್ತು. ಪ್ರಮುಖ ಮನೆಗಳು ಹೀಗಿವೆ:

• ಫಾನ್ ಭವನ: ಸುಮಾರು 3,000 ಚದರ ಮೀಟರ್ ವಿಸ್ತಾರದ, ನಗರದ ಅತಿದೊಡ್ಡ ಮನೆಗಳಲ್ಲಿ ಒಂದು. ಅಲೆಕ್ಸಾಂಡರ್ ಮತ್ತು ಪರ್ಷಿಯಾದ ದೊರೆ ದಾರಿಯಸ್‌ನ ನಡುವಿನ ಯುದ್ಧವನ್ನು ತೋರಿಸುವ ಪ್ರಸಿದ್ಧ ಮೊಸಾಯಿಕ್ 1831ರಲ್ಲಿ ಇಲ್ಲಿ ದೊರೆಯಿತು. ಮೂಲಕೃತಿ ನೇಪಲ್ಸಿನಲ್ಲಿದ್ದು, ಮನೆಯಲ್ಲಿ ಅದರ ಪ್ರತಿಕೃತಿಯನ್ನು ಅಳವಡಿಸಲಾಗಿದೆ.
• ವೆಟ್ಟಿಗಳ ಮನೆ: ದಾಸ್ಯದಿಂದ ಬಿಡುಗಡೆ ಪಡೆದು ಶ್ರೀಮಂತರಾದ ಇಬ್ಬರಿಗೆ ಸೇರಿದ್ದ, ಭಿತ್ತಿಚಿತ್ರಗಳಿಂದ ತುಂಬಿದ ಮನೆ. ದೀರ್ಘಕಾಲದ ದುರಸ್ತಿಯ ಬಳಿಕ 2023ರ ಜನವರಿಯಲ್ಲಿ ಮತ್ತೆ ತೆರೆಯಿತು.
• ದುರಂತಕವಿಯ ಮನೆ: 'ನಾಯಿ ಇದೆ, ಎಚ್ಚರಿಕೆ' ಎಂಬ ಅರ್ಥದ ಲ್ಯಾಟಿನ್ ಬರಹವುಳ್ಳ, ಸರಪಳಿ ಕಟ್ಟಿದ ನಾಯಿಯ ಮೊಸಾಯಿಕ್ ಇದರ ಹೊಸ್ತಿಲ ಬಳಿ ಇದೆ.
• ರಹಸ್ಯಗಳ ಭವನ: ಕೋಟೆಯ ಹೊರಗಿರುವ ಈ ಭವನದ ಒಂದು ಕೋಣೆಯಲ್ಲಿ ಡಯೊನೈಸಸ್ ದೇವತೆಯ ಆರಾಧನೆಗೆ ಸಂಬಂಧಿಸಿದ್ದೆನ್ನಲಾದ, ಕೆಂಪು ಹಿನ್ನೆಲೆಯ ಬೃಹತ್ ಚಿತ್ರಮಾಲೆ ಇದೆ.

ಅಂಗಡಿಗಳು ಮತ್ತು ಕಸುಬುಗಳು

ನಗರದಲ್ಲಿ ಸುಮಾರು 30 ಬ್ರೆಡ್ ಭಟ್ಟಿಗಳಿದ್ದವು. ಕತ್ತೆಗಳಿಂದ ತಿರುಗಿಸುತ್ತಿದ್ದ ಆಳೆತ್ತರದ ಬೀಸುಕಲ್ಲುಗಳು ಅವುಗಳ ಅಂಗಳದಲ್ಲಿವೆ. ಒಂದು ಭಟ್ಟಿಯ ಒಲೆಯಲ್ಲಿ ಕರಕಾದ 81 ಬ್ರೆಡ್‌ಗಳು ಹಾಗೆಯೇ ದೊರೆತವು. ಬೀದಿಗೆ ತೆರೆದುಕೊಂಡ ಕಟ್ಟೆಯಲ್ಲಿ ದೊಡ್ಡ ಗಡಿಗೆಗಳನ್ನು ಹುದುಗಿಸಿದ್ದ ಸುಮಾರು 80 ತಿಂಡಿ ಅಂಗಡಿಗಳನ್ನು ಗುರುತಿಸಲಾಗಿದೆ. 2020ರಲ್ಲಿ ಪೂರ್ಣವಾಗಿ ಬಯಲಿಗೆ ಬಂದ ಇಂತಹ ಒಂದು ಅಂಗಡಿಯ ಗಡಿಗೆಗಳಲ್ಲಿ ಬಾತುಕೋಳಿ, ಹಂದಿ, ಆಡು, ಮೀನು ಮತ್ತು ಬಸವನಹುಳುಗಳ ಅವಶೇಷಗಳು ದೊರೆತವು. 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಲಾದ ಭಟ್ಟಿಯೊಂದರಲ್ಲಿ ದಾಸರನ್ನೂ ಕತ್ತೆಗಳನ್ನೂ ಒಟ್ಟಿಗೆ ಕೂಡಿಹಾಕಿ ದುಡಿಸುತ್ತಿದ್ದುದು ತಿಳಿದುಬಂದಿದೆ. ಆ ಕೋಣೆಗೆ ಹೊರಗಿನ ಬೆಳಕು ಬರುತ್ತಿದ್ದುದು ಸರಳು ಹಾಕಿದ ಪುಟ್ಟ ಗವಾಕ್ಷಿಗಳಿಂದ ಮಾತ್ರ.

ಗೋಡೆಬರಹಗಳು

ಪಾಂಪೇಯಲ್ಲಿ 11,000ದಷ್ಟು ಶಾಸನ ಮತ್ತು ಗೋಡೆಬರಹಗಳು ದಾಖಲಾಗಿವೆ. ಇವುಗಳಲ್ಲಿ 2,500ಕ್ಕೂ ಹೆಚ್ಚು ಚುನಾವಣಾ ಪ್ರಚಾರದ ಬರಹಗಳು. ಮತದಾನದ ಹಕ್ಕಿಲ್ಲದಿದ್ದ ಹೆಂಗಸರೂ ಅಭ್ಯರ್ಥಿಗಳನ್ನು ಬೆಂಬಲಿಸಿ ಬರೆಸಿದ್ದಾರೆ. ಸಾಲದ ಲೆಕ್ಕ, ಪ್ರೇಮದ ಮಾತು, ಬೈಗುಳ, ಕಾಳಗದ ಪ್ರಕಟಣೆ, ಅಕ್ಷರ ಕಲಿಯುವವರ ಅಭ್ಯಾಸ ಮುಂತಾದವು ಉಳಿದ ಬರಹಗಳಲ್ಲಿವೆ. ಇತಿಹಾಸದ ಗ್ರಂಥಗಳಲ್ಲಿ ಕಾಣಸಿಗದ ಸಾಮಾನ್ಯರ ಮಾತು ಇವುಗಳಲ್ಲಿ ನೇರವಾಗಿ ದೊರೆಯುತ್ತದೆ.

ಭಾರತದೊಂದಿಗೆ ಸಂಬಂಧ

1938ರಲ್ಲಿ ಮೈಯೂರಿಯ ನೇತೃತ್ವದ ಉತ್ಖನನದಲ್ಲಿ, ಅಬ್ಬೊಂದಾನ್ಸಾ ಬೀದಿಯ ಬಳಿಯ ಮನೆಯೊಂದರಲ್ಲಿ ಭಾರತೀಯ ದಂತದ ವಿಗ್ರಹವೊಂದು ದೊರೆಯಿತು. ಸುಮಾರು 25 ಸೆಂ.ಮೀ. ಎತ್ತರದ ಈ ಸ್ತ್ರೀ ವಿಗ್ರಹದ ಇಕ್ಕೆಲಗಳಲ್ಲಿ ಇಬ್ಬರು ಪರಿಚಾರಿಕೆಯರಿದ್ದಾರೆ. ಮೊದಲಿಗೆ ಇದನ್ನು ಲಕ್ಷ್ಮಿಯ ವಿಗ್ರಹವೆಂದು ಗುರುತಿಸಿದ್ದರಿಂದ 'ಪಾಂಪೇ ಲಕ್ಷ್ಮಿ' ಎಂಬ ಹೆಸರು ಬಂದಿತು. ಯಕ್ಷಿಯ ವಿಗ್ರಹವಿರಬಹುದೆಂಬುದು ಈಗ ಹೆಚ್ಚು ಮಂದಿ ವಿದ್ವಾಂಸರ ಅಭಿಪ್ರಾಯ. ಇದನ್ನು ಹೋಲುವ ದಂತದ ವಿಗ್ರಹಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ಧನ್‌ಗಳಲ್ಲಿ ದೊರೆತಿವೆ. ತಳದಲ್ಲಿ ಖರೋಷ್ಠಿ ಲಿಪಿಯ ಅಕ್ಷರವಿರುವುದರಿಂದ ವಾಯವ್ಯ ಭಾರತದ ಮೂಲಕ ಸಾಗಿಬಂದಿರುವ ಸಾಧ್ಯತೆಯನ್ನೂ ಸೂಚಿಸಲಾಗಿದೆ. ವಿಗ್ರಹವು ಈಗ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ.

ವಿಗ್ರಹವು ರೋಮ್ ಮತ್ತು ಭಾರತದ ನಡುವಣ ಸಮುದ್ರ ವ್ಯಾಪಾರದ ಕಾಲಕ್ಕೆ ಸೇರಿದ್ದು. ಪಾಂಪೇಯ ಸ್ಫೋಟದಲ್ಲಿ ಮಡಿದ ಹಿರಿಯ ಪ್ಲಿನಿ ತನ್ನ 'ನ್ಯಾಚುರಲ್ ಹಿಸ್ಟರಿ' ಗ್ರಂಥದಲ್ಲಿ ಕರಿಮೆಣಸಿನ ಬೆಲೆಯನ್ನು ಉಲ್ಲೇಖಿಸಿ, ಪ್ರತಿ ವರ್ಷ 5 ಕೋಟಿ ಸೆಸ್ಟರ್ಸ್ ಹಣ ಭಾರತಕ್ಕೆ ಹರಿದುಹೋಗುತ್ತಿದೆಯೆಂದು ದೂರಿದ್ದಾನೆ. ಕರ್ನಾಟಕದಲ್ಲಿ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನಗಳಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳು ಇದೇ ಕಾಲಘಟ್ಟದ ವ್ಯಾಪಾರಕ್ಕೆ ಸಾಕ್ಷಿಯಾಗಿವೆ.

ಸಂರಕ್ಷಣೆ

ಅಗೆದು ತೆಗೆದ ನಗರದ ಮೇಲೆ ಹಲವು ರೀತಿಯ ಹಾನಿಗಳಾಗಿವೆ. ಚಾವಣಿಯಿಲ್ಲದ ಗೋಡೆಗಳೊಳಗೆ ಮಳೆನೀರು ಇಳಿದು ಗಾರೆ ಸಡಿಲವಾಗುತ್ತದೆ; ಬಿಸಿಲಿಗೆ ಬಣ್ಣ ಮಾಸುತ್ತದೆ; ಗಿಡಗಳ ಬೇರು ಕಲ್ಲುಗಳನ್ನು ಸೀಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ, 1943ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಮಿತ್ರಪಡೆಗಳ 160ಕ್ಕೂ ಹೆಚ್ಚು ಬಾಂಬುಗಳು ಇಲ್ಲಿ ಬಿದ್ದು, ಸ್ಥಳದ ವಸ್ತುಸಂಗ್ರಹಾಲಯವೂ ಅನೇಕ ಮನೆಗಳೂ ಹಾಳಾದವು. 1980ರ ನವೆಂಬರ್‌ನ ಭೂಕಂಪದಿಂದ ಮತ್ತಷ್ಟು ಹಾನಿಯಾಯಿತು. ಹಿಂದಿನ ದುರಸ್ತಿಗಳಲ್ಲಿ ಬಳಸಿದ ಕಾಂಕ್ರೀಟು ಮತ್ತು ಕಬ್ಬಿಣವೂ ಹಳೆಯ ಗೋಡೆಗಳಿಗೆ ಭಾರವಾಗಿ ಪರಿಣಮಿಸಿದವು.

2010ರ ನವೆಂಬರ್ 6ರಂದು, ಮಳೆಯ ಬಳಿಕ, 'ಸ್ಕೋಲಾ ಅರ್ಮಾತುರಾರಮ್' ಎಂಬ ಕಟ್ಟಡವು ಕುಸಿದುಬಿದ್ದಿತು. ಯುದ್ಧದ ಬಾಂಬಿಗೆ ಹಾಳಾಗಿ ಕಾಂಕ್ರೀಟ್ ಚಾವಣಿಯೊಂದಿಗೆ ಪುನರ್ನಿರ್ಮಾಣಗೊಂಡಿದ್ದ ಈ ಕಟ್ಟಡದ ಕುಸಿತವು ಅಂತರರಾಷ್ಟ್ರೀಯ ಟೀಕೆಗೆ ಕಾರಣವಾಯಿತು. ಇದರ ಪರಿಣಾಮವಾಗಿ ಇಟಲಿ ಸರ್ಕಾರ ಮತ್ತು ಐರೋಪ್ಯ ಒಕ್ಕೂಟವು 10.5 ಕೋಟಿ ಯೂರೋ ವೆಚ್ಚದ 'ಮಹಾ ಪಾಂಪೇ ಯೋಜನೆ'ಯನ್ನು 2012ರಲ್ಲಿ ಆರಂಭಿಸಿದವು. ಗೋಡೆಗಳನ್ನು ಭದ್ರಪಡಿಸುವುದು, ಮಳೆನೀರಿನ ಹರಿವಿಗೆ ದಾರಿ ಮಾಡುವುದು ಮತ್ತು ಮುಚ್ಚಿದ್ದ ಮನೆಗಳನ್ನು ದುರಸ್ತಿ ಮಾಡಿ ತೆರೆಯುವುದು ಇದರ ಉದ್ದೇಶವಾಗಿತ್ತು.

ಅಗೆಯದೆ ಉಳಿದ ಪ್ರದೇಶದ ಮಣ್ಣು ಮಳೆಗಾಲದಲ್ಲಿ ನೀರು ಹೀರಿ, ಪಕ್ಕದ ಗೋಡೆಗಳನ್ನು ಒತ್ತುವುದೂ ಕುಸಿತಕ್ಕೆ ಒಂದು ಕಾರಣವಾಗಿತ್ತು. ಈ ಅಂಚನ್ನು ಇಳಿಜಾರಾಗಿಸುವ ಕೆಲಸದ ಅಂಗವಾಗಿ 2018ರಿಂದ 5ನೆಯ ವಲಯದಲ್ಲಿ ಹೊಸ ಉತ್ಖನನ ನಡೆಯಿತು. ದಿನಾಂಕದ ಬರಹ ಮತ್ತು ತಿಂಡಿ ಅಂಗಡಿ ಇದೇ ವಲಯದಲ್ಲಿ ದೊರೆತವು. 2023ರಿಂದ 9ನೆಯ ವಲಯದಲ್ಲಿಯೂ ಅಗೆತ ನಡೆದಿದೆ. ಉಳಿದ ಮೂರನೆಯ ಒಂದು ಭಾಗವನ್ನು ಪೂರ್ತಿಯಾಗಿ ಅಗೆಯುವ ಬದಲು, ಹೆಚ್ಚು ಸೂಕ್ಷ್ಮವಾದ ಸಾಧನಗಳನ್ನು ಹೊಂದಲಿರುವ ಮುಂದಿನ ತಲೆಮಾರುಗಳಿಗೆ ಬಿಡಬೇಕೆಂಬ ಅಭಿಪ್ರಾಯ ಪುರಾತತ್ತ್ವಜ್ಞರಲ್ಲಿ ವ್ಯಾಪಕವಾಗಿದೆ. ಫಿಯೊರೆಲ್ಲಿಯ ಕಾಲದಲ್ಲಿ ಯಾರೂ ಊಹಿಸಿರದ ಡಿಎನ್‌ಎ ಪರೀಕ್ಷೆಯು ಅಚ್ಚುಗಳ ಕಥೆಯನ್ನೇ ಬದಲಿಸಿದ್ದನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು.

ಪ್ರವಾಸೋದ್ಯಮ

ಪಾಂಪೇ ಇಟಲಿಯಲ್ಲಿ ಅತಿ ಹೆಚ್ಚು ಪ್ರವಾಸಿಗರು ಭೇಟಿ ನೀಡುವ ತಾಣಗಳಲ್ಲಿ ಒಂದು. 2024ರಲ್ಲಿ 40 ಲಕ್ಷಕ್ಕೂ ಹೆಚ್ಚು ಮಂದಿ ಇಲ್ಲಿಗೆ ಭೇಟಿ ನೀಡಿದರು. ಜನಸಂದಣಿಯಿಂದ ಅವಶೇಷಗಳ ಮೇಲಾಗುವ ಒತ್ತಡವನ್ನು ತಗ್ಗಿಸಲು 2024ರ ನವೆಂಬರ್‌ನಿಂದ ದಿನವೊಂದಕ್ಕೆ 20,000 ಪ್ರವೇಶಗಳ ಮಿತಿಯನ್ನು ವಿಧಿಸಿ, ಟಿಕೆಟಿನ ಮೇಲೆ ಪ್ರವಾಸಿಯ ಹೆಸರು ನಮೂದಿಸುವ ಕ್ರಮವನ್ನು ಜಾರಿಗೆ ತರಲಾಯಿತು.

ನೇಪಲ್ಸ್ ಮತ್ತು ಸೊರೆಂಟೊ ನಡುವಿನ ಚಿರ್ಕುಮ್‌ವೆಸೂವಿಯಾನಾ ರೈಲುಮಾರ್ಗದಲ್ಲಿ 'ಪೊಂಪೇಯ್ ಸ್ಕಾವಿ – ವಿಲ್ಲಾ ದೇಯ್ ಮಿಸ್ತೇರಿ' ನಿಲ್ದಾಣವು ಮುಖ್ಯ ಪ್ರವೇಶವಾದ ಮರೀನಾ ದ್ವಾರದ ಸಮೀಪದಲ್ಲಿದೆ. ಎಸೆದ್ರಾ ಚೌಕ ಮತ್ತು ಆಂಫಿಥಿಯೇಟರ್ ಚೌಕಗಳ ಕಡೆಯಿಂದಲೂ ಪ್ರವೇಶವಿದೆ. ನೆಲೆಯು ವಿಶಾಲವಾಗಿದ್ದು ಕಲ್ಲುಹಾಸಿನ ಬೀದಿಗಳು ಏರುಪೇರಾಗಿವೆ, ನೆರಳು ಕಡಿಮೆ. ಮುಖ್ಯ ಕಟ್ಟಡಗಳನ್ನು ನೋಡಲು ಅರ್ಧ ದಿನವಾದರೂ ಬೇಕಾಗುತ್ತದೆ. ದುರಸ್ತಿಯ ಕಾರಣ ಕೆಲವು ಮನೆಗಳನ್ನು ಸರದಿಯಂತೆ ಮುಚ್ಚಲಾಗುತ್ತದೆ. ಪ್ರಮುಖ ಭಿತ್ತಿಚಿತ್ರ, ಮೊಸಾಯಿಕ್ ಮತ್ತು ಗೃಹೋಪಯೋಗಿ ವಸ್ತುಗಳು ನೇಪಲ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿರುವುದರಿಂದ, ಎರಡನ್ನೂ ನೋಡಿದಾಗ ಮಾತ್ರ ನಗರದ ಚಿತ್ರ ಪೂರ್ಣವಾಗುತ್ತದೆ.

ಅವಶೇಷಗಳಿಂದ ಕಲ್ಲು ಅಥವಾ ಮೊಸಾಯಿಕ್ ಚೂರುಗಳನ್ನು ಒಯ್ಯುವುದು ಶಿಕ್ಷಾರ್ಹ ಅಪರಾಧ. ಹೀಗೆ ಒಯ್ದವರಲ್ಲಿ ಕೆಲವರು ವರ್ಷಗಳ ನಂತರ ಕ್ಷಮಾಪಣೆಯ ಪತ್ರದೊಂದಿಗೆ ಅವನ್ನು ಅಂಚೆಯ ಮೂಲಕ ಹಿಂದಿರುಗಿಸುತ್ತಾರೆ. ಆದರೆ ಒಂದು ಚೂರನ್ನು ಯಾವ ಗೋಡೆಯಿಂದ ಅಥವಾ ಯಾವ ನೆಲದಿಂದ ತೆಗೆಯಲಾಯಿತೆಂದು ತಿಳಿಯದಿದ್ದರೆ ಅದನ್ನು ಮತ್ತೆ ಸ್ವಸ್ಥಾನದಲ್ಲಿ ಸೇರಿಸಲು ಸಾಧ್ಯವಿಲ್ಲ.

ಇವನ್ನೂ ನೋಡಿ

• ಹರ್ಕ್ಯುಲೇನಿಯಮ್
• ವೆಸೂವಿಯಸ್
• ಕಿರಿಯ ಪ್ಲಿನಿ
• ಪಾಂಪೇ ಲಕ್ಷ್ಮಿ
• ಚಂದ್ರವಳ್ಳಿ
• ರೋಮನ್ ಸಾಮ್ರಾಜ್ಯ